ಪಂಪ್‌ಮನೆಯ ಪಿಎಲ್‌ಸಿ: ಒಳಗಿನ ಮಾಡ್ಯೂಲ್‌ಗಳು ಒಂದಕ್ಕೊಂದು ಮಾಹಿತಿ ದಾಟಿಸೋದು ಹೇಗೆ?



ಡ್ರಿಪ್‌ಗೆ, ಪಾಲಿಹೌಸ್‌ಗೆ ಆಟೊಮೇಷನ್ ಹಾಕಿಸಿಕೊಂಡ ಹುಡುಗರು ನನಗೆ ಫೋನ್ ಮಾಡಿದಾಗ ಹೆಚ್ಚಾಗಿ ಕೇಳಿಬರೋ ಮಾತು ಎರಡೇ. ಒಂದು, "ಅಣ್ಣಾ, ಪರದೆ ಮೇಲೆ ಎಲ್ಲಾ ಸರಿಯಾಗೇ ತೋರಿಸ್ತಿದೆ, ಆದ್ರೆ ವಾಲ್ವ್ ತೆಗೀತಿಲ್ಲ." ಇನ್ನೊಂದು, "ಅಂಕಿ ಹುಚ್ಚುಚ್ಚಾಗಿ ಬರ್ತಿದೆ, ಟೆಕ್ನಿಷಿಯನ್ ಬರೋದು ಇನ್ನೂ ನಾಲ್ಕು ದಿನ ಅಂತೆ." ಬೇಸಿಗೆಯಲ್ಲಿ ಕೊಕೊಪೀಟ್ ಚೀಲದಲ್ಲಿರೋ ಗಿಡಕ್ಕೆ ನಾಲ್ಕು ದಿನ ಅನ್ನೋದು ತುಂಬಾ ದೊಡ್ಡ ಅವಧಿ. ಒಂದು ಮಧ್ಯಾಹ್ನ ನೀರು ತಪ್ಪಿದ್ರೂ ಬೆಳೆ ಮೇಲೆ ಕಾಣುತ್ತೆ.

ಪಿಎಲ್‌ಸಿ ರಿಪೇರಿ ಮಾಡೋದನ್ನ ನಾನು ಇಲ್ಲಿ ಕಲಿಸ್ತಿಲ್ಲ. ಆದ್ರೆ ಸೆನ್ಸರ್‌ನಿಂದ ಹೊರಟ ಒಂದು ಅಂಕಿ ಯಾವ ದಾರಿಯಲ್ಲಿ ಹೋಗಿ ವಾಲ್ವ್ ತೆರೆಯುತ್ತೆ ಅನ್ನೋದು ಗೊತ್ತಿದ್ರೆ, ದಾರಿ ಎಲ್ಲಿ ಕಡಿದಿದೆ ಅಂತ ಅರ್ಧ ಗಂಟೆಯಲ್ಲಿ ಹುಡುಕಬಹುದು. ಟೆಕ್ನಿಷಿಯನ್‌ಗೆ ಫೋನ್‌ನಲ್ಲೇ ಸರಿಯಾಗಿ ವಿವರಿಸಬಹುದು. ಎಷ್ಟೋ ಸಲ ಅವರು ಬರೋ ಅಗತ್ಯವೇ ಇರಲ್ಲ.

ಮೊದಲೇ ಒಂದು ಎಚ್ಚರಿಕೆ: ಪಂಪ್ ಪ್ಯಾನೆಲ್‌ನಲ್ಲಿ 415 ವೋಲ್ಟ್ ತ್ರೀ ಫೇಸ್ ಇರುತ್ತೆ. ಕೆಳಗೆ ಹೇಳೋ ಪರೀಕ್ಷೆಗಳಲ್ಲಿ ಹೆಚ್ಚಿನವು ಕಣ್ಣಲ್ಲಿ ನೋಡೋವು. ವೈರ್ ಮುಟ್ಟಬೇಕಾದ್ರೆ ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಟೆಸ್ಟರ್‌ನಲ್ಲಿ ಖಾತ್ರಿ ಮಾಡ್ಕೊಂಡೇ ಮುಟ್ಟಿ.

1. ಪೆಟ್ಟಿಗೆ ಒಳಗೆ ಯಾರ್ಯಾರಿದ್ದಾರೆ?

ಪಿಎಲ್‌ಸಿ ಹುಟ್ಟಿದ್ದು ಕಾರು ಕಾರ್ಖಾನೆಗೋಸ್ಕರ. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ, ಗೋಡೆ ತುಂಬಾ ಇದ್ದ ರಿಲೇಗಳ ಬದಲಿಗೆ ಒಂದು ಎಲೆಕ್ಟ್ರಾನಿಕ್ ಯಂತ್ರ ಬೇಕು ಅಂತ ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ತಂಡ ಮಾಡಿಕೊಟ್ಟ ಮೋಡಿಕಾನ್ 084 ಈ ಜಾತಿಯ ಮೊದಲ ಯಂತ್ರಗಳಲ್ಲೊಂದು. ಇವತ್ತು ಅದೇ ಜಾತಿಯ ಯಂತ್ರ, ಅಂಗೈ ಅಗಲದ್ದು, ನಿಮ್ಮ ಪಂಪ್‌ಮನೆಯಲ್ಲಿ ಕೂತಿದೆ.

ಸಾಮಾನ್ಯವಾಗಿ ಅದರಲ್ಲಿ ಇರೋವು ಇಷ್ಟು:

- ಪವರ್ ಸಪ್ಲೈ: 230 ವೋಲ್ಟ್ ತಗೊಂಡು 24 ವೋಲ್ಟ್ ಡಿಸಿ ಕೊಡುತ್ತೆ.
- ಸಿಪಿಯು: ಪ್ರೋಗ್ರಾಂ ಓಡಿಸೋ ತಲೆ.
- ಡಿಜಿಟಲ್ ಇನ್‌ಪುಟ್: ಹೌದು ಅಥವಾ ಇಲ್ಲ ಅನ್ನೋ ಸುದ್ದಿ ಮಾತ್ರ. ಫ್ಲೋಟ್ ಸ್ವಿಚ್, ಪ್ರೆಷರ್ ಸ್ವಿಚ್, ಸ್ಟಾರ್ಟರ್ ಟ್ರಿಪ್ ಆಗಿದೆಯಾ ಅನ್ನೋದು.
- ಡಿಜಿಟಲ್ ಔಟ್‌ಪುಟ್: ಸೊಲೆನಾಯ್ಡ್ ವಾಲ್ವ್, ಪಂಪ್ ಕಾಂಟ್ಯಾಕ್ಟರ್, ಗೊಬ್ಬರದ ಡೋಸಿಂಗ್ ಪಂಪ್‌ಗೆ ಆಜ್ಞೆ.
- ಅನಲಾಗ್ ಇನ್‌ಪುಟ್: ಎಷ್ಟು ಅನ್ನೋ ಸುದ್ದಿ. ತೊಟ್ಟಿಯಲ್ಲಿ ಎಷ್ಟು ನೀರು, ಪೈಪಲ್ಲಿ ಎಷ್ಟು ಒತ್ತಡ.
- ಕಮ್ಯೂನಿಕೇಷನ್ ಪೋರ್ಟ್: ದೂರದ ಸೆನ್ಸರ್, ಪರದೆ, ಮೊಬೈಲ್ ಆ್ಯಪ್‌ಗೆ ಸುದ್ದಿ ಕಳಿಸೋ ಬಾಗಿಲು.

ಸಣ್ಣ ಪಿಎಲ್‌ಸಿಯಲ್ಲಿ ಇವೆಲ್ಲ ಒಂದೇ ಡಬ್ಬಿಯಲ್ಲಿರಬಹುದು. ವಾಲ್ವ್ ಜಾಸ್ತಿ ಆದಾಗ ಪಕ್ಕಕ್ಕೆ ಇನ್ನೊಂದು ಮಾಡ್ಯೂಲ್ ಕೂರಿಸ್ತಾರೆ.

2. ಸೊಸೈಟಿ ಪುಸ್ತಕದ ಲೆಕ್ಕ

ಪಕ್ಕಪಕ್ಕ ಕೂತ ಮಾಡ್ಯೂಲ್‌ಗಳನ್ನ ಕೂಡಿಸೋದು ಬ್ಯಾಕ್‌ಪ್ಲೇನ್ ಅಥವಾ ಬಸ್. ಬೆನ್ನ ಹಿಂದೆ ಇಲ್ಲವೇ ಪಕ್ಕದಲ್ಲಿ ಇರೋ ಸಣ್ಣ ಕನೆಕ್ಟರ್. ಎಲ್ಲಾ ಮಾತುಕತೆ ಅದರಲ್ಲೇ. ಆದ್ರೆ ಮಾತುಕತೆಗೆ ಒಂದು ಕ್ರಮ ಇದೆ.

ಹಾಲಿನ ಸೊಸೈಟಿ ನೆನಪಿಸಿಕೊಳ್ಳಿ. ಅಳೆಯೋರು ಲೀಟರ್ ಹೇಳ್ತಾರೆ, ಫ್ಯಾಟ್ ನೋಡೋರು ಫ್ಯಾಟ್ ಹೇಳ್ತಾರೆ, ಎಲ್ಲಾ ಪುಸ್ತಕಕ್ಕೆ ಏರುತ್ತೆ. ಕಾರ್ಯದರ್ಶಿ ನಿಮ್ಮ ಹಸು ನೋಡಲ್ಲ, ಕ್ಯಾನಿನೊಳಗೂ ಇಣುಕಲ್ಲ. ಪುಸ್ತಕದಲ್ಲಿರೋ ಅಂಕಿ ನೋಡಿ ದುಡ್ಡು ಬರೀತಾರೆ.

ಸಿಪಿಯು ಕೂಡ ಹಾಗೇ. ಅದು ಮಾಡೋ ಕೆಲಸ ಮೂರು ಹೆಜ್ಜೆ:

1) ಎಲ್ಲಾ ಇನ್‌ಪುಟ್‌ಗಳ ಸ್ಥಿತಿ ಒಂದೇ ಸಲ ಓದಿ ಮೆಮೊರಿಯಲ್ಲಿ ಬರ್ಕೊಳ್ಳೋದು. ಇದನ್ನ ಪ್ರೋಸೆಸ್ ಇಮೇಜ್ ಅಂತಾರೆ. ಇದೇ ನಮ್ಮ ಪುಸ್ತಕ.
2) ಪ್ರೋಗ್ರಾಂ ಮೇಲಿಂದ ಕೆಳಗೆ ಓಡಿಸೋದು. ಇಲ್ಲಿ ನೋಡೋದು ಪುಸ್ತಕವನ್ನ, ಹೊಲವನ್ನಲ್ಲ.
3) ಬಂದ ತೀರ್ಮಾನವನ್ನ ಔಟ್‌ಪುಟ್ ಮಾಡ್ಯೂಲ್‌ಗೆ ಕಳಿಸೋದು.

ಆಮೇಲೆ ಮತ್ತೆ ಮೊದಲಿಂದ. ಈ ಒಂದು ಸುತ್ತಿಗೆ ಸ್ಕ್ಯಾನ್ ಅಂತ ಹೆಸರು. ಸಣ್ಣ ಪ್ರೋಗ್ರಾಂ ಆದ್ರೆ ಕೆಲವೇ ಮಿಲಿ ಸೆಕೆಂಡ್‌ನಲ್ಲಿ ಮುಗಿಯುತ್ತೆ.

ಇದರಿಂದ ನಮಗೇನು? ಎರಡು ವಿಷಯ. ಮೊದಲನೇದು, ಒಂದು ಸ್ಕ್ಯಾನ್‌ಗಿಂತ ಚಿಕ್ಕದಾಗಿ ಬಂದು ಹೋದ ಸಿಗ್ನಲ್ ಪುಸ್ತಕಕ್ಕೆ ಏರದೇ ತಪ್ಪಿಹೋಗಬಹುದು. ಪಲ್ಸ್ ಕೊಡೋ ನೀರಿನ ಮೀಟರನ್ನ ಸಾಮಾನ್ಯ ಇನ್‌ಪುಟ್‌ಗೆ ಜೋಡಿಸಿ, ಪಲ್ಸ್ ಬೇಗ ಬೇಗ ಬಂದ್ರೆ ಲೆಕ್ಕ ಕಡಿಮೆ ಬೀಳುತ್ತೆ. ಅಂಥ ಮೀಟರ್‌ಗೆ ಹೈ ಸ್ಪೀಡ್ ಕೌಂಟರ್ ಇನ್‌ಪುಟ್ಟೇ ಬೇಕು. ಎರಡನೇದು ಇನ್ನೂ ಮುಖ್ಯ: ಪುಸ್ತಕಕ್ಕೆ ಹೊಸ ಅಂಕಿ ಬರದೇ ಹೋದ್ರೆ ಹಳೇ ಅಂಕಿ ಅಲ್ಲೇ ಇರಬಹುದು. ಇದಕ್ಕೆ ಆಮೇಲೆ ಬರ್ತೀನಿ.

3. ತೊಟ್ಟಿಯ ನೀರು ಸಂಖ್ಯೆ ಆಗೋದು

ಒಂದು ಅಂಕಿಯ ಜೊತೆ ನಡೆದು ನೋಡೋಣ. 5 ಮೀಟರ್ ಆಳದ ತೊಟ್ಟಿ, ತಳದಲ್ಲಿ ಲೆವೆಲ್ ಸೆನ್ಸರ್. ಅದು 4ರಿಂದ 20 ಮಿಲಿ ಆಂಪಿಯರ್ ಕರೆಂಟ್ ಕಳಿಸುತ್ತೆ. ಖಾಲಿ ಅಂದ್ರೆ 4, ಪೂರ್ತಿ ಅಂದ್ರೆ 20.

ಅನಲಾಗ್ ಮಾಡ್ಯೂಲ್ ಈ ಕರೆಂಟನ್ನ ಒಂದು ಪೂರ್ಣ ಸಂಖ್ಯೆ ಮಾಡುತ್ತೆ. ಸೀಮೆನ್ಸ್ ಪಿಎಲ್‌ಸಿಗಳಲ್ಲಿ 4 ಮಿಲಿ ಆಂಪಿಯರ್‌ಗೆ 0, 20ಕ್ಕೆ 27648. ಬೇರೆ ಕಂಪನಿಗಳಲ್ಲಿ ಈ ಮೇಲಿನ ಸಂಖ್ಯೆ ಬೇರೆ ಇರುತ್ತೆ, ಲೆಕ್ಕ ಮಾತ್ರ ಒಂದೇ.

ತೊಟ್ಟಿಯಲ್ಲಿ ಕಾಲು ಭಾಗ ನೀರಿದೆ ಅಂದ್ಕೊಳ್ಳಿ:

- ಕರೆಂಟ್: 4 + (16ರಲ್ಲಿ ಕಾಲು ಭಾಗ, ಅಂದ್ರೆ 4) = 8 ಮಿಲಿ ಆಂಪಿಯರ್
- ಮಾಡ್ಯೂಲ್ ಬರೆಯೋ ಸಂಖ್ಯೆ: 27648ರ ಕಾಲು ಭಾಗ = 6912
- ಪ್ರೋಗ್ರಾಂ ಮಾಡೋ ಲೆಕ್ಕ: 6912 ÷ 27648 × 5 = 1.25 ಮೀಟರ್

ಸೊನ್ನೆಯಿಂದ ಶುರು ಮಾಡೋದು ಬಿಟ್ಟು 4ರಿಂದ ಯಾಕೆ? ಇಲ್ಲೇ ಇರೋದು ಜಾಣತನ. ತೊಟ್ಟಿ ಖಾಲಿ ಇದ್ರೂ 4 ಬರಲೇಬೇಕು. ಇಲಿ ವೈರ್ ಕಡಿದ್ರೆ ಕರೆಂಟ್ ಸೊನ್ನೆಗೆ ಬೀಳುತ್ತೆ. ಹಾಗಾಗಿ "ನೀರಿಲ್ಲ" ಅನ್ನೋದಕ್ಕೂ "ವೈರ್ ಇಲ್ಲ" ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗುತ್ತೆ. 3.6 ಮಿಲಿ ಆಂಪಿಯರ್‌ಗಿಂತ ಕೆಳಗೆ ಹೋದ್ರೆ ಸೆನ್ಸರ್ ದೋಷ ಅಂತ ಅಲಾರಂ ಕೊಡೋ ಸಾಲು ನಿಮ್ಮ ಪ್ರೋಗ್ರಾಂನಲ್ಲಿ ಇದೆಯಾ? ಹಾಕಿದವರನ್ನ ಕೇಳಿ. ಆ ಸಾಲೇ ಇಲ್ಲದಿದ್ರೆ ಈ ಜಾಣತನ ಪೂರ್ತಿ ವ್ಯರ್ಥ.

4. ದೂರದ ಸೆನ್ಸರ್ ಜೊತೆ ಮಾತು: ಮಾಡ್‌ಬಸ್

ಇಸಿ, ಪಿಎಚ್, ಮಣ್ಣಿನ ತೇವಾಂಶ, ನೀರಿನ ಮೀಟರ್, ಇವುಗಳಲ್ಲಿ ಬಹಳಷ್ಟು ಈಗ ಎರಡು ವೈರ್‌ನ ಆರ್‌ಎಸ್-485 ಕೇಬಲ್ ಮೇಲೆ ಬರುತ್ವೆ. ಆ ಕೇಬಲ್ ಮೇಲೆ ಆಡೋ ಭಾಷೆ ಹೆಚ್ಚಾಗಿ ಮಾಡ್‌ಬಸ್. 1979ರಲ್ಲಿ ಅದೇ ಮೋಡಿಕಾನ್ ಕಂಪನಿ ತಂದದ್ದು. ಬಳಸೋಕೆ ಯಾರಿಗೂ ದುಡ್ಡು ಕಟ್ಟಬೇಕಾಗಿಲ್ಲ, ಸರಳವಾಗಿದೆ, ಅದಕ್ಕೇ ಇವತ್ತಿಗೂ ಬದುಕಿದೆ.

ನಿಯಮ ಸುಲಭ. ಪಿಎಲ್‌ಸಿ ಮಾಸ್ಟರ್, ಸೆನ್ಸರ್‌ಗಳು ಸ್ಲೇವ್. ಮಾಸ್ಟರ್ ಹೆಸರು ಹಿಡಿದು ಕೇಳೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ. ಪ್ರತಿ ಸೆನ್ಸರ್‌ಗೂ 1ರಿಂದ 247ರ ಒಳಗೆ ಒಂದು ನಂಬರ್. ಮಾಸ್ಟರ್ ಕೇಳೋ ಪ್ರಶ್ನೆ ಹೀಗಿರುತ್ತೆ:

- ಯಾರಿಗೆ: 1ನೇ ನಂಬರ್‌ಗೆ
- ಏನು ಮಾಡ್ಬೇಕು: 3, ಅಂದ್ರೆ ಹೋಲ್ಡಿಂಗ್ ರಿಜಿಸ್ಟರ್ ಓದಿ ಹೇಳು
- ಎಲ್ಲಿಂದ: ಮೊದಲ ರಿಜಿಸ್ಟರ್‌ನಿಂದ
- ಎಷ್ಟು: 2 ರಿಜಿಸ್ಟರ್
- ಕೊನೆಗೆ ಸಿಆರ್‌ಸಿ: ದಾರಿಯಲ್ಲಿ ಅಕ್ಷರ ಕೆಟ್ಟಿದೆಯಾ ಅಂತ ತಾಳೆ ನೋಡೋ ಸಂಖ್ಯೆ

ಇಷ್ಟೂ ಸೇರಿ 8 ಬೈಟ್. ಎರಡು ರಿಜಿಸ್ಟರ್‌ಗೆ ಬರೋ ಉತ್ತರ 9 ಬೈಟ್. 9600 ಬಾಡ್ ವೇಗದಲ್ಲಿ ಈ 17 ಬೈಟ್ ದಾಟೋಕೆ 20 ಮಿಲಿ ಸೆಕೆಂಡ್ ಆಸುಪಾಸು. ಸಿಆರ್‌ಸಿ ತಾಳೆ ಆಗದಿದ್ರೆ ಆ ಸಂದೇಶ ಕಸದ ಬುಟ್ಟಿಗೆ.

ಈ ಮಾತುಕತೆಯಲ್ಲಿ ಹೊಲದಲ್ಲಿ ಆಗೋ ಎಡವಟ್ಟುಗಳು ಬಹುಪಾಲು ಈ ಐದೇ:

ನಂಬರ್ ಡಿಕ್ಕಿ. ಹೊಸ ಸೆನ್ಸರ್‌ಗಳು ಅಂಗಡಿಯಿಂದ ಹೆಚ್ಚಾಗಿ 1ನೇ ನಂಬರ್ ಇಟ್ಕೊಂಡೇ ಬರುತ್ವೆ. ಎರಡನ್ನ ಹಾಗೇ ಜೋಡಿಸಿದ್ರೆ ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟು ಗಲಾಟೆ ಆಗುತ್ತೆ. ಒಂದೊಂದೇ ಜೋಡಿಸಿ, ನಂಬರ್ ಬದಲಿಸಿ, ಆಮೇಲೆ ಸೇರಿಸಿ.

ಒಂದು ಮನೆ ಆಚೀಚೆ. ಪುಸ್ತಿಕೆಯಲ್ಲಿ ಇಸಿ 40001, ಪಿಎಚ್ 40002 ಅಂತ ಬರೆದಿರುತ್ತೆ. ಆದ್ರೆ ಕೇಬಲ್ ಮೇಲೆ ಎಣಿಕೆ ಶುರುವಾಗೋದು 0ಯಿಂದ. ಕೆಲವು ಪಿಎಲ್‌ಸಿಗಳಲ್ಲಿ ಇಸಿಗೆ 0 ಅಂತಲೇ ಹಾಕ್ಬೇಕು. 1 ಹಾಕಿದ್ರೆ ಇಸಿ ಜಾಗದಲ್ಲಿ ಪಿಎಚ್ ಬಂದು ಕೂರುತ್ತೆ. ಇಸಿ 6.1 ಅಂತ ತೋರಿಸ್ತಿದ್ರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಚುಕ್ಕಿ ಎಲ್ಲಿ? ಒಂದು ರಿಜಿಸ್ಟರ್‌ನಲ್ಲಿ 0ಯಿಂದ 65535ರ ತನಕದ ಪೂರ್ಣ ಸಂಖ್ಯೆ ಮಾತ್ರ ಹಿಡಿಯುತ್ತೆ. ಹಾಗಾಗಿ ಇಸಿ 1.80ನ್ನ ಸೆನ್ಸರ್ 180 ಅಂತ ಕಳಿಸಬಹುದು. 100ರಿಂದ ಭಾಗಿಸೋದು ಪ್ರೋಗ್ರಾಂ ಕೆಲಸ. 10ರಿಂದ ಭಾಗಿಸಿದ್ರೆ 18 ಅಂತ ತೋರಿಸುತ್ತೆ.

ಹಿಂದುಮುಂದು. 65535ಕ್ಕಿಂತ ದೊಡ್ಡ ಅಂಕಿಗೆ ಎರಡು ರಿಜಿಸ್ಟರ್ ಬೇಕು. ನೀರಿನ ಮೀಟರ್ 70,000 ಲೀಟರ್ ಓಡಿದೆ ಅನ್ನಿ. ಅದು ಒಂದು ರಿಜಿಸ್ಟರ್‌ನಲ್ಲಿ 1, ಇನ್ನೊಂದರಲ್ಲಿ 4464 ಅಂತ ಇರುತ್ತೆ (1 × 65536 + 4464). ಪಿಎಲ್‌ಸಿ ಇವನ್ನ ಅದಲು ಬದಲು ಓದಿದ್ರೆ 29,25,52,705 ಲೀಟರ್ ಆಗುತ್ತೆ! ಮೀಟರ್ ಕೆಟ್ಟಿಲ್ಲ. ಸೆಟ್ಟಿಂಗ್‌ನಲ್ಲಿ ವರ್ಡ್ ಸ್ವಾಪ್ ಅಂತ ಒಂದು ಆಯ್ಕೆ ಇದೆಯಾ ನೋಡಿ.

ವೈರಿಂಗ್. ಎ ವೈರ್ ಎಗೆ, ಬಿ ವೈರ್ ಬಿಗೆ. ಕೆಲವು ಕಂಪನಿಗಳು ಈ ಹೆಸರುಗಳನ್ನೇ ಉಲ್ಟಾ ಬರೀತಾರೆ, ಹಾಗಾಗಿ ಉತ್ತರವೇ ಬರದಿದ್ರೆ ಒಮ್ಮೆ ಅದಲು ಬದಲು ಮಾಡಿ ನೋಡಿ. ಕೇಬಲ್ ಒಂದು ಸೆನ್ಸರ್‌ನಿಂದ ಮುಂದಿನದಕ್ಕೆ ಸಾಲಾಗಿ ಹೋಗ್ಬೇಕು, ಮರದ ಕೊಂಬೆ ಥರ ಕವಲೊಡೀಬಾರದು. ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಕಡಿಮೆ ವೇಗದಲ್ಲಿ, ಒಳ್ಳೇ ಕೇಬಲ್ ಇದ್ರೆ 1200 ಮೀಟರ್ ತನಕ ಹೋಗುತ್ತೆ. ಮೋಟರ್ ಕೇಬಲ್ ಜೊತೆ ಒಂದೇ ಪೈಪಲ್ಲಿ ಎಳೀಬೇಡಿ, ಅದರಲ್ಲೂ ಮೋಟರ್‌ಗೆ ವಿಎಫ್‌ಡಿ ಇದ್ರೆ ಬೇಡವೇ ಬೇಡ.

ಇನ್ನೊಂದು ಗಮನಿಸಿ. ಹತ್ತು ಸೆನ್ಸರ್‌ನಲ್ಲಿ ಒಂದು ಸತ್ತಿದೆ, ಪಿಎಲ್‌ಸಿ ಪ್ರತಿ ಸುತ್ತಲ್ಲೂ ಅದರ ಉತ್ತರಕ್ಕೆ 1 ಸೆಕೆಂಡ್ ಕಾಯುತ್ತೆ, ಬರದಿದ್ರೆ ಮತ್ತೆ ಎರಡು ಸಲ ಕೇಳುತ್ತೆ ಅಂದ್ಕೊಳ್ಳಿ. ಪ್ರತಿ ಸುತ್ತಿಗೂ 3 ಸೆಕೆಂಡ್ ವ್ಯರ್ಥ. "ಪರದೆ ಇದ್ದಕ್ಕಿದ್ದಂತೆ ನಿಧಾನ ಆಗಿದೆ" ಅಂತ ಅನ್ನಿಸಿದ್ರೆ ಪರದೆ ಬದಲಿಸೋಕೆ ಹೋಗ್ಬೇಡಿ, ಸತ್ತ ಸೆನ್ಸರ್ ಹುಡುಕಿ.

5. ಹಳಸಿದ ಅಂಕಿ: ನಿಜವಾದ ಅಪಾಯ

ಮೇಲಿನ ಎಡವಟ್ಟುಗಳು ಕಣ್ಣಿಗೆ ಕಾಣುತ್ವೆ. ಕಾಣದೇ ಇರೋದು ಒಂದಿದೆ, ನಷ್ಟ ಮಾಡೋದು ಅದೇ.

ನಮ್ಮ ಕಡೆ ಒಂದು ಪಾಲಿಹೌಸ್. ಕೊಕೊಪೀಟ್‌ನಲ್ಲಿ ಬಣ್ಣದ ದೊಣ್ಣೆಮೆಣಸಿನಕಾಯಿ. ಇಸಿ 1.8 ಇರಲಿ ಅಂತ ಪಿಎಲ್‌ಸಿಗೆ ಹೇಳಿದ್ರು. ಒಂದು ದಿನ ಇಸಿ ಸೆನ್ಸರ್‌ನ ಕನೆಕ್ಟರ್‌ನಲ್ಲಿ ನೀರು ಸೇರಿ ಮಾತುಕತೆ ನಿಂತೇ ಹೋಯ್ತು. ನಿಂತ ಗಳಿಗೆಯಲ್ಲಿ ಪುಸ್ತಕದಲ್ಲಿದ್ದ ಕೊನೇ ಅಂಕಿ 1.4. ಪ್ರೋಗ್ರಾಂ ಪಾಪ, "1.4 ಇದೆ, 1.8 ಬೇಕು" ಅಂತ ಗೊಬ್ಬರ ಸುರಿಯುತ್ತಲೇ ಹೋಯ್ತು. ಎಷ್ಟು ಸುರಿದ್ರೂ ಪುಸ್ತಕದ ಅಂಕಿ 1.4ರಿಂದ ಅಲುಗಾಡಲಿಲ್ಲ. ಪರದೆ ಮೇಲೆ 1.4, ಮೊಬೈಲ್‌ನಲ್ಲೂ 1.4, ಅಲಾರಂ ಇಲ್ಲ. ಮೂರನೇ ದಿನ ಎಲೆ ಅಂಚು ಸುಟ್ಟಿದ್ದು ನೋಡಿ ಆ ಮನೆಯ ಅಜ್ಜಿಯೇ "ಏನೋ ಖಾರ ಆಗಿದೆ ಗಿಡಕ್ಕೆ" ಅಂದ್ರಂತೆ. ನಾನು ಹೋಗಿ ಕೈ ಮೀಟರ್ ಅದ್ದಿದಾಗ 4 ದಾಟಿತ್ತು. ಬರೀ ನೀರು ಹರಿಸಿ ಚೀಲ ತೊಳೆದು ಗಿಡ ಉಳಿಸಿಕೊಂಡ್ರು, ಆದ್ರೆ ಆ ಸುತ್ತಿನ ಹೂವು ಉದುರಿ ಹೋಯ್ತು.

ಸೆನ್ಸರ್ ಕೆಡೋದು ಸಹಜ. ಆದ್ರೆ "ಈ ಅಂಕಿ ಎಷ್ಟು ಹೊತ್ತಿನದು?" ಅಂತ ಕೇಳೋ ಸಾಲು ಪ್ರೋಗ್ರಾಂನಲ್ಲಿ ಇರಲಿಲ್ಲ. ನಿನ್ನೆಯ ಅನ್ನ ನೋಡೋಕೆ ಅನ್ನದ ಥರಾನೇ ಇರುತ್ತೆ, ಹಳಸಿದೆ ಅಂತ ಮೂಸಿದ್ರೇ ತಿಳಿಯೋದು.

ಮೂಸೋ ದಾರಿ ಮೂರು:

1) ಉತ್ತರದ ಟೈಮರ್. ಸೆನ್ಸರ್‌ನಿಂದ ಸರಿಯಾದ ಉತ್ತರ ಬಂದಾಗೆಲ್ಲ ಒಂದು ಟೈಮರ್ ಸೊನ್ನೆಗೆ ಬರಲಿ. 30 ಸೆಕೆಂಡ್ ಉತ್ತರವೇ ಬರದಿದ್ರೆ ಅಲಾರಂ ಹೊಡೆದು ಗೊಬ್ಬರದ ಪಂಪ್ ನಿಲ್ಲಲಿ. ನೀರು ಮಾತ್ರ ಟೈಮ್ ಲೆಕ್ಕದಲ್ಲಿ ಹೋಗ್ತಾ ಇರಲಿ.

2) ಎದೆಬಡಿತ. ಕೃಷಿ ಹೊಂಡದ ಹತ್ತಿರ ಒಂದು ಪಿಎಲ್‌ಸಿ, ಬೋರ್‌ವೆಲ್ ಹತ್ತಿರ ಇನ್ನೊಂದು ಇದ್ರೆ, ಒಂದು ಕಡೆಯಿಂದ ಪ್ರತಿ ಸೆಕೆಂಡಿಗೂ ಒಂದೊಂದು ಏರೋ ಎಣಿಕೆ ಕಳಿಸ್ತಾ ಇರಬೇಕು. ಎಣಿಕೆ ಏರೋದು ನಿಂತ್ರೆ ಸಂಪರ್ಕ ಕಡಿದಿದೆ ಅಂತ ಅರ್ಥ, ಮೋಟರ್ ಆಫ್.

3) ಔಟ್‌ಪುಟ್‌ನ ಸ್ವಭಾವ. ದೂರದ ಔಟ್‌ಪುಟ್ ಮಾಡ್ಯೂಲ್‌ಗೆ ಸಂಪರ್ಕ ತಪ್ಪಿದಾಗ ಏನು ಮಾಡ್ಬೇಕು ಅನ್ನೋ ಸೆಟ್ಟಿಂಗ್ ಹಲವದರಲ್ಲಿ ಇರುತ್ತೆ: ಇದ್ದ ಹಾಗೇ ಹಿಡಿದುಕೊಳ್ಳೋದು, ಇಲ್ಲಾ ಆಫ್ ಆಗೋದು. ಗೊಬ್ಬರ, ಆಸಿಡ್ ಪಂಪ್‌ಗೆ ಆಫ್ ಆಗೋದನ್ನೇ ಆರಿಸಿ.

ಜೊತೆಗೆ ಒಂದು ಮಾತು. ಬೋರ್‌ವೆಲ್ ಮೋಟರ್‌ನ ಡ್ರೈ ರನ್ ರಕ್ಷಣೆಯನ್ನ ಈ ಮಾತುಕತೆ ಮೇಲೆ ಮಾತ್ರ ಬಿಡಬೇಡಿ. ಸ್ಟಾರ್ಟರ್‌ನಲ್ಲೇ ಪ್ರತ್ಯೇಕ ಡ್ರೈ ರನ್ ರಿಲೇ ಇರಲಿ. ಪಿಎಲ್‌ಸಿ ಕೆಟ್ಟರೂ ಅದು ತನ್ನಷ್ಟಕ್ಕೆ ಮೋಟರ್ ನಿಲ್ಲಿಸುತ್ತೆ.

6. ಕೆಟ್ಟಾಗ ಹುಡುಕೋ ಕ್ರಮ

ಅಂಕಿ ನಡೆಯೋ ದಾರಿಯಲ್ಲೇ ನಾವೂ ನಡೀಬೇಕು. ಮೊಬೈಲ್ ಕೈಯಲ್ಲಿಟ್ಕೊಂಡು, ಪ್ರತಿ ಹೆಜ್ಜೆಗೂ ಒಂದು ಫೋಟೊ ಅಥವಾ ಚಿಕ್ಕ ವಿಡಿಯೊ ತೆಗೀರಿ.

- ಪವರ್ ದೀಪ ಉರೀತಿದೆಯಾ? ಇಲ್ಲದಿದ್ರೆ ಫ್ಯೂಸ್, 24 ವೋಲ್ಟ್ ಸಪ್ಲೈ ನೋಡಿ.
- ಸಿಪಿಯು ರನ್‌ನಲ್ಲಿದೆಯಾ, ಸ್ಟಾಪ್‌ನಲ್ಲಿದೆಯಾ? ಎರರ್ ದೀಪ ಇದೆಯಾ?
- ಫ್ಲೋಟ್ ಸ್ವಿಚ್ ಕೈಯಲ್ಲಿ ಎತ್ತಿ ಇಳಿಸಿ. ಇನ್‌ಪುಟ್ ದೀಪ ಬದಲಾದ್ರೆ ಅಲ್ಲಿ ತನಕ ವೈರ್ ಸರಿ ಇದೆ.
- ಕಮ್ಯೂನಿಕೇಷನ್ ದೀಪಗಳು ನೋಡಿ. ಕಳಿಸೋ ದೀಪ ಮಿನುಗ್ತಿದೆ, ಬರೋ ದೀಪ ಸತ್ತಿದೆ ಅಂದ್ರೆ ಪಿಎಲ್‌ಸಿ ಕೇಳ್ತಿದೆ, ಉತ್ತರ ಕೊಡೋರಿಲ್ಲ. ಕೇಬಲ್, ಸೆನ್ಸರ್‌ನ ಪವರ್, ನಂಬರ್, ಬಾಡ್ ವೇಗ ಪರೀಕ್ಷಿಸಿ.
- ಔಟ್‌ಪುಟ್ ದೀಪ ಉರೀತಿದೆ, ವಾಲ್ವ್ ತೆಗೀತಿಲ್ಲ? ಪಿಎಲ್‌ಸಿ ತನ್ನ ಕೆಲಸ ಮಾಡಿದೆ. ರಿಲೇ, ವೈರ್, ಸೊಲೆನಾಯ್ಡ್ ಕಾಯಿಲ್, ಇಲ್ಲಾ ವಾಲ್ವ್ ಒಳಗಿನ ಕಸ ನೋಡಿ.
- ಔಟ್‌ಪುಟ್ ದೀಪವೇ ಉರೀತಿಲ್ಲ? ಪ್ರೋಗ್ರಾಂ ಯಾವುದೋ ಷರತ್ತಿಗೆ ಕಾಯ್ತಿದೆ. ಅಲಾರಂ ಪಟ್ಟಿ ತೆಗೆದು ಓದಿ.

7. ದುಡ್ಡು ಕೊಡೋ ಮುಂಚೆ ಕೇಳಿ ಪಡೀರಿ

- ಎಲ್ಲಾ ಸೆನ್ಸರ್‌ಗಳ ನಂಬರ್, ಬಾಡ್ ವೇಗ, ರಿಜಿಸ್ಟರ್ ಪಟ್ಟಿ. ಕಾಗದದಲ್ಲೂ ಬೇಕು, ಮೊಬೈಲ್‌ಗೆ ಪಿಡಿಎಫ್ ಕೂಡ ಬೇಕು.
- ಪಿಎಲ್‌ಸಿ ಪ್ರೋಗ್ರಾಂನ ಪ್ರತಿ, ಪಾಸ್‌ವರ್ಡ್ ಸಮೇತ. ಹಾಕಿದವರು ಊರು ಬಿಟ್ಟರೆ ಬೇರೆಯವರು ಬಂದು ಮುಂದುವರಿಸೋಕೆ ಇದೇ ಆಧಾರ.
- ವೈರಿಂಗ್ ನಕ್ಷೆ, ಪ್ರತಿ ವೈರ್‌ಗೂ ನಂಬರ್ ಪಟ್ಟಿ.
- ಕೊನೇದಾಗಿ ಒಂದು ಪರೀಕ್ಷೆ. ಅವರ ಎದುರಿಗೇ ಸೆನ್ಸರ್‌ನ ಕನೆಕ್ಟರ್ ಬಿಚ್ಚಿಸಿ. ಒಂದು ನಿಮಿಷದೊಳಗೆ ಅಲಾರಂ ಬಂತಾ, ಡೋಸಿಂಗ್ ನಿಂತಿತಾ? ಇಲ್ಲ ಅಂದ್ರೆ ಕೆಲಸ ಮುಗಿದಿಲ್ಲ, ಉಳಿದ ದುಡ್ಡು ನಿಮ್ಮ ಹತ್ರವೇ ಇರಲಿ.

ಈಗಾಗಲೇ ಆಟೊಮೇಷನ್ ಇರೋರು ಈ ವಾರ ಈ ಕೊನೇ ಪರೀಕ್ಷೆಯನ್ನ ನಿಮ್ಮ ತೋಟದಲ್ಲೇ ಮಾಡಿ ನೋಡಿ. ಡೋಸಿಂಗ್ ಪಂಪ್‌ನ ಹೀರೋ ಪೈಪನ್ನ ಗೊಬ್ಬರದ ಡ್ರಮ್‌ನಿಂದ ತೆಗೆದು ಒಂದು ಬಕೆಟ್ ನೀರಿಗೆ ಹಾಕಿ, ಆಮೇಲೆ ಸೆನ್ಸರ್ ಬಿಚ್ಚಿ, ಗಡಿಯಾರ ನೋಡಿ. ಬೆಳೆಗೆ ತೊಂದರೆ ಇಲ್ಲ, ಹತ್ತು ನಿಮಿಷದ ಕೆಲಸ. ಒಂದು ನಿಮಿಷದಲ್ಲಿ ಅಲಾರಂ ಬಂದ್ರೆ ನೆಮ್ಮದಿಯಿಂದಿರಿ. ಬರದಿದ್ರೆ, ಪ್ರೋಗ್ರಾಂ ಸರಿ ಮಾಡಿಸೋ ತನಕ ದಿನಕ್ಕೆ ಎರಡು ಸಲ ಕೈ ಮೀಟರ್‌ನಲ್ಲಿ ಇಸಿ, ಪಿಎಚ್ ನೋಡಿ ಪರದೆಯ ಅಂಕಿ ಜೊತೆ ತಾಳೆ ಹಾಕಿ.